ಬಿಸಿಗಾಳಿಯನ್ನು ಮೇಲಕ್ಕೆ ತಳ್ಳುವುದು ಯಾವುದು?

ಉಷ್ಣಸಂವಹನದ (ಗಾಳಿ, ನೀರು ತಾವೇ ಚಲಿಸಿ ಶಾಖವನ್ನು ಸಾಗಿಸುವ ಕ್ರಿಯೆ) ಪಾಠ ಬಂದಾಗ ಶಾಲೆಗಳಲ್ಲಿ ಸಾಮಾನ್ಯವಾಗಿ ಮಾಡಿ ತೋರಿಸುವುದು ಕಾಗದದ ಸುರುಳಿಯ ಪ್ರಯೋಗವನ್ನು. ಸುರುಳಿಯಾಗಿ ಕತ್ತರಿಸಿದ ಕಾಗದವನ್ನು ದಾರದಲ್ಲಿ ಕಟ್ಟಿ, ಉರಿಯುವ ಮೇಣದಬತ್ತಿಯ ಮೇಲೆ ತುಸು ಎತ್ತರದಲ್ಲಿ ಹಿಡಿದರೆ ಅದು ಗಿರ್ರನೆ ತಿರುಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ, ‘ಬಿಸಿಗಾಳಿ ಮೇಲೇರುತ್ತದೆ’ ಎಂದು ಬರೆದುಕೊಳ್ಳುತ್ತಾರೆ. ಪ್ರಯೋಗ ಸರಿಯೇ, ಆದರೆ ಅದು ಅರ್ಧ ಸಂಗತಿಯನ್ನಷ್ಟೇ ತೋರಿಸುತ್ತದೆ. ಸುತ್ತಲಿನ ತಂಪಾದ, ಭಾರವಾದ ಗಾಳಿಯು ಕೆಳಗಿನಿಂದ ನುಗ್ಗಿ ತಳ್ಳುವುದರಿಂದಲೇ ಬಿಸಿಗಾಳಿ ಮೇಲೇರುತ್ತದೆ. ಹಾಗೆ ನುಗ್ಗುವ ಗಾಳಿಯನ್ನು ಮಕ್ಕಳು ಕಣ್ಣಾರೆ ಕಾಣದಿದ್ದರೆ ಪಾಠ ಪೂರ್ತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ.

ಅದಕ್ಕಾಗಿ ಮಡಿಕೇರಿಯ ನಮ್ಮ ತರಗತಿಯಲ್ಲಿ ಎರಡು ಕೊಳವೆಗಳ ಪೆಟ್ಟಿಗೆಯೊಂದನ್ನು ಮಾಡಿದೆವು. ಬೂಟಿನ ರಟ್ಟಿನ ಡಬ್ಬವನ್ನು ಅಡ್ಡಲಾಗಿಟ್ಟು, ತೆರೆದ ಮುಖಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮೇಲ್ಭಾಗದಲ್ಲಿ ಎರಡು ರಂಧ್ರಗಳನ್ನು ಕೊರೆದು, ಅವುಗಳ ಮೇಲೆ ಹಳೆಯ ಲಾಟೀನಿನ ಗಾಜುಗಳನ್ನು ನಿಲ್ಲಿಸಿದೆವು. ಒಂದು ಗಾಜಿನ ನೇರ ಕೆಳಗೆ ಮೇಣದಬತ್ತಿಯ ತುಂಡನ್ನಿಟ್ಟು ಹೊತ್ತಿಸಿ, ಇನ್ನೊಂದರ ಬಾಯಿಯ ಬಳಿ ಊದುಬತ್ತಿ ಹಿಡಿಯಬೇಕು. (ಜುಲೈ ತಿಂಗಳ ಕೊಡಗಿನಲ್ಲಿ ಬೆಂಕಿಕಡ್ಡಿ ಹೊತ್ತಿಸುವುದೇ ಒಂದು ಬೇರೆ ಪ್ರಯೋಗ.) ಗಾಳಿ ಅಲುಗಾಡದಂತೆ ಕಿಟಕಿಗಳನ್ನು ಮುಚ್ಚಬೇಕು, ಆ ಕೆಲಸವನ್ನು ನಮ್ಮಲ್ಲಿ ಮಳೆಯೇ ಮಾಡಿಸಿರುತ್ತದೆ.

ಮೊದಲು ಊದುಬತ್ತಿಯ ಹೊಗೆ ಎಂದಿನಂತೆ ಮೇಲಕ್ಕೇ ಹೋಗುತ್ತಿತ್ತು. ಮೇಣದಬತ್ತಿಯ ಮೇಲಿನ ಗಾಜು ಬಿಸಿಯಾಗುತ್ತಿದ್ದಂತೆ ಹೊಗೆಯ ಎಳೆ ಬಾಗಿ, ಕೊಳವೆಯೊಳಗೆ ಇಳಿದು, ಡಬ್ಬದ ತಳದಲ್ಲಿ ಮೇಣದಬತ್ತಿಯತ್ತ ಹರಿದು, ಜ್ವಾಲೆಯ ಪಕ್ಕದಲ್ಲಿ ಥಟ್ಟನೆ ತಿರುಗಿ ಇನ್ನೊಂದು ಗಾಜಿನಿಂದ ಹೊರಬಿತ್ತು. “ಮೇಡಂ, ಹೊಗೆ ಕೆಳಗಿಳೀತಾ ಇದೆ!” ಎಂದು ಹಿಂದಿನ ಬೆಂಚಿನವರು ಎದ್ದು ನಿಂತರು.

ಲೆಕ್ಕ ಸರಳವಾಗಿದೆ. ಸಮುದ್ರಮಟ್ಟದ ಒತ್ತಡದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಒಣ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ, 60 ಡಿಗ್ರಿಗೆ ಅದು ಸುಮಾರು 1.06ಕ್ಕೆ ಇಳಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ಎರಡೂ ಅಂಕಿಗಳು ಇನ್ನಷ್ಟು ಕಡಿಮೆಯಾಗುತ್ತವೆ, ಆದರೆ ಅನುಪಾತ ಬದಲಾಗದು. ಎರಡು ಕೊಳವೆಗಳಲ್ಲಿರುವ ಗಾಳಿಯನ್ನು ತಕ್ಕಡಿಯ ಎರಡು ತಟ್ಟೆಗಳೆಂದುಕೊಂಡರೆ, ಭಾರದ ತಟ್ಟೆ ಇಳಿಯುವುದರಿಂದಲೇ ಹಗುರಾದದ್ದು ಏಳುತ್ತದೆ.

ಹೊಗೆ ಇಳಿಯುತ್ತಿದ್ದ ಕೊಳವೆಯ ಬಾಯಿಯನ್ನು ರಟ್ಟಿನ ತುಂಡಿನಿಂದ ಮುಚ್ಚಿದಾಗ ಜ್ವಾಲೆ ಮಂಕಾಗಿ ಓಲಾಡತೊಡಗಿತು. ಒಳಬರುವ ದಾರಿ ಕಟ್ಟಿದರೆ ಹೊರಹೋಗುವುದೂ ತಡೆಯಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಇಡೀ ಪ್ರಯೋಗದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಈ ಭಾಗವೇ.

ಏಲಕ್ಕಿ ತೋಟವಿರುವ ಮನೆಗಳ ಮಕ್ಕಳಿಗೆ ಇದು ಹೊಸ ವಿಷಯವಲ್ಲ. ಏಲಕ್ಕಿ ಒಣಗಿಸುವ ಮನೆಯಲ್ಲಿ ಒಲೆಯ ಬಿಸಿ ನೆಲದ ಮೇಲಿನ ಕೊಳವೆಗಳಲ್ಲಿ ಹರಿದು, ಕಾದ ಗಾಳಿ ತಟ್ಟೆಗಳ ನಡುವೆ ಏರಿ, ಕಾಯಿಯ ತೇವವನ್ನು ಹೊತ್ತುಕೊಂಡು ಮೇಲಿನ ಕಿಂಡಿಗಳಿಂದ ಹೊರಹೋಗುತ್ತದೆ. ಮೇಲಿನ ಕಿಂಡಿ ತೆರೆದು ಕೆಳಗಿನದನ್ನು ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದೆ. ತೇವ ಒಳಗೇ ಉಳಿಯುತ್ತದೆ, ಕಾಯಿ ಸರಿಯಾಗಿ ಒಣಗುವುದಿಲ್ಲ, ಹಸಿರು ಬಣ್ಣವೂ ಕೆಡುತ್ತದೆ ಎಂದು ಒಬ್ಬರಿಗಿಂತ ಒಬ್ಬರು ಮೊದಲಾಗಿ ಹೇಳಿದರು.