ಹಳೇ ಲ್ಯಾಪ್‌ಟಾಪ್ ಆನ್ ಆಗಲು ತಡವೇ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ನೋಡಿ

ಲ್ಯಾಪ್‌ಟಾಪ್ ಆನ್ ಆಗೋಕೆ ನಾಲ್ಕೈದು ನಿಮಿಷ ಹಿಡಿಯುತ್ತೆ ಅಂದ ಕೂಡಲೇ ಸಿಗುವ ಮೊದಲ ಸಲಹೆ ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಅನ್ನೋದು. ಮಾಡಿಸಿದ ಮೇಲೆ ಒಂದಷ್ಟು ದಿನ ಚುರುಕಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಪಾಡು. ತಡ ಎಲ್ಲಿ ಆಗುತ್ತಿದೆ ಅನ್ನೋದನ್ನು ಯಾರೂ ನೋಡಿರುವುದಿಲ್ಲ, ಅದಕ್ಕೇ ಹೀಗೆ. ಎಲ್ಲಿ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಹೇಳುತ್ತಿರುವುದು ಸುಮಾರು 2013ರಿಂದ 2017ರ ನಡುವೆ ಕೊಂಡ ಯಂತ್ರಗಳ ಬಗ್ಗೆ. ಮೂರನೆಯದರಿಂದ ಏಳನೆಯ ತಲೆಮಾರಿನ ಐ3 ಅಥವಾ ಐ5, 4 ಜಿಬಿ ರ್‍ಯಾಮ್, 500 ಜಿಬಿ ಇಲ್ಲವೇ 1 ಟಿಬಿ ಹಾರ್ಡ್ ಡಿಸ್ಕ್, ಮೇಲೆ ವಿಂಡೋಸ್ 10. ಮನೆಗಳಲ್ಲಿ, ಶಾಲೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಇಂಥವು ಇನ್ನೂ ಬೇಕಾದಷ್ಟಿವೆ. ಬಹುತೇಕ ಎಲ್ಲವೂ ದುರಸ್ತಿಗೆ ಯೋಗ್ಯವಾದವೇ.

ಮೊದಲು ಮೊಬೈಲಿನ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಮೂರು ಸಮಯ ಬೇರೆಬೇರೆ ಬರೆದುಕೊಳ್ಳಬೇಕು: ಪರದೆ ಕಪ್ಪಾದಾಗಿನಿಂದ ಕಂಪನಿ ಲೋಗೋ ಕೆಳಗೆ ಚುಕ್ಕಿಗಳು ತಿರುಗಲು ಶುರುವಾಗುವ ತನಕ, ಅಲ್ಲಿಂದ ಪಾಸ್‌ವರ್ಡ್ ಕೇಳುವ ತನಕ, ಪಾಸ್‌ವರ್ಡ್ ಕೊಟ್ಟ ಮೇಲೆ ಬ್ರೌಸರ್ ನಿಜವಾಗಿ ತೆರೆಯುವ ತನಕ. ಅಳೆಯುವಾಗ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟ್ ಕೊಡಿ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸಿನ ಒಳಭಾಗವನ್ನು ಹೈಬರ್ನೇಟ್ ಫೈಲಿಗೆ ಬರೆದಿಟ್ಟು ಮಲಗಿಸಿ, ಮುಂದಿನ ಸಲ ಅದನ್ನೇ ಎಬ್ಬಿಸುತ್ತದೆ. ಮೊದಲಿನಿಂದ ಎಲ್ಲವನ್ನೂ ಹೊಸದಾಗಿ ಓದುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ.

ಲೋಗೋದಲ್ಲೇ ನಿಂತರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಸ್ಟಾರ್ಟಪ್’ ಭಾಗಕ್ಕೆ ಹೋಗಿ. ಮೇಲೆ ಬಲಗಡೆ ‘ಲಾಸ್ಟ್ ಬಯಾಸ್ ಟೈಮ್’ ಅಂತ ಒಂದು ಸಂಖ್ಯೆ ಇರುತ್ತದೆ. ಬಯಾಸ್ ಅಂದರೆ ವಿಂಡೋಸಿಗೂ ಮುಂಚೆ ಓಡಿ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪುಟ್ಟ ತಂತ್ರಾಂಶ; ಅದು ತೆಗೆದುಕೊಂಡ ಸಮಯ ಇದು. ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ವಿಧಾನದಲ್ಲಿ ಬೂಟ್ ಆಗುವ ಯಂತ್ರಗಳಲ್ಲಷ್ಟೇ ಇದು ಕಾಣುತ್ತದೆ. ಇದು 20 ಸೆಕೆಂಡ್ ದಾಟಿದರೆ ತಡಕ್ಕೂ ವಿಂಡೋಸಿಗೂ ಸಂಬಂಧವಿಲ್ಲ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಹಾಗೇ ಇರುತ್ತದೆ.

ಪೆನ್‌ಡ್ರೈವ್, ಹೊರಗಿನ ಡಿಸ್ಕ್, ಕಾರ್ಡ್ ರೀಡರ್‌ನಲ್ಲಿ ಮರೆತ ಮೆಮೊರಿ ಕಾರ್ಡ್ ಎಲ್ಲ ತೆಗೆದು ಮತ್ತೆ ಅಳೆಯಿರಿ. ಆಮೇಲೆ ಬಯಾಸ್ ಒಳಗೆ ಹೋಗಿ (ಬಹಳಷ್ಟು ಕಡೆ ಎಫ್2, ಕೆಲವು ಕಡೆ ಎಫ್10 ಅಥವಾ ಡಿಲೀಟ್) ಬೂಟ್ ಆರ್ಡರ್ ನೋಡಿ. ನೆಟ್‌ವರ್ಕ್ ಬೂಟ್ ಮೇಲೆ ಕೂತಿದ್ದರೆ ಯಂತ್ರ ಪ್ರತಿ ಸಲವೂ ನೆಟ್‌ವರ್ಕಿನಲ್ಲಿ ಸರ್ವರ್ ಹುಡುಕಿ, ಸಿಗದೆ, ಆಮೇಲೆ ಡಿಸ್ಕಿನ ಕಡೆ ಬರುತ್ತದೆ. ಅದನ್ನು ಕೆಳಗಿಳಿಸಿ, ಇಲ್ಲವೇ ಆಫ್ ಮಾಡಿ. ಕೆಟ್ಟ ಡಿವಿಡಿ ಡ್ರೈವ್ ಕೂಡ ಇದೇ ಕಾಟ ಕೊಡುತ್ತದೆ. ಒಂದು ಸ್ಕ್ರೂ ಬಿಚ್ಚಿ ಹೊರಗೆಳೆದರೆ ಪರೀಕ್ಷೆ ಮುಗಿಯಿತು.

ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದೆಯೇ, ಬ್ರೌಸರ್ ಪ್ರತಿ ಸೈಟಿಗೂ ಭದ್ರತೆಯ ಎಚ್ಚರಿಕೆ ತೋರಿಸುತ್ತಿದೆಯೇ? ಹಾಗಾದರೆ ಬೋರ್ಡಿನ ಗಡಿಯಾರ, ಬಯಾಸ್ ಸೆಟ್ಟಿಂಗ್‌ಗಳನ್ನು ಕಾಯುವ ಸಣ್ಣ ಸಿಮಾಸ್ ಬ್ಯಾಟರಿ ಮುಗಿದಿರುತ್ತದೆ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿನದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡು ವೈರ್ ಬೆಸೆದು ಸಣ್ಣ ಕನೆಕ್ಟರ್ ಹಾಕಿದ ರೂಪದಲ್ಲಿರುತ್ತದೆ, ಹಾಗಾಗಿ ಬಿಡಿ ಸೆಲ್ ತರುವ ಮುಂಚೆ ತೆರೆದು ನೋಡಿ. ಬದಲಿಸುವ ಮುನ್ನ ಬಯಾಸಿನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕಿನ ಜೊತೆ ಮಾತಾಡುವ ವಿಧಾನ) ಎಎಚ್‌ಸಿಐ ಇದೆಯೋ ರೇಡ್ ಇದೆಯೋ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದಾಗ ಅದು ಬದಲಾಗಿಬಿಟ್ಟರೆ ವಿಂಡೋಸ್ ಡಿಸ್ಕ್ ಸಿಗದೆ ನೀಲಿ ಪರದೆ ತೋರಿಸುತ್ತದೆ. ಮೊದಲಿದ್ದಂತೆ ಇಟ್ಟರೆ ಸರಿಹೋಗುತ್ತದೆ, ಯಾರೂ ರೀಇನ್‌ಸ್ಟಾಲ್‌ಗೆ ಓಡಬೇಕಿಲ್ಲ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ಬಯಾಸ್ ಮುಟ್ಟಲೇಬೇಡಿ.

ಚುಕ್ಕಿಗಳು ತಿರುಗುತ್ತಲೇ ಇದ್ದರೆ

ಇದು ಹೆಚ್ಚೂಕಮ್ಮಿ ಯಾವಾಗಲೂ ಡಿಸ್ಕಿನ ಸಮಸ್ಯೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 5.5 ಮಿಲಿಸೆಕೆಂಡ್ ಕಾಯಬೇಕು. ಹೆಡ್ ಆ ಟ್ರ್ಯಾಕಿಗೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಎರಡೂ ಸೇರಿದರೆ ಚದುರಿದ ಫೈಲುಗಳನ್ನು ಸೆಕೆಂಡಿಗೆ ಅರವತ್ತರ ಆಸುಪಾಸಿಗಿಂತ ಹೆಚ್ಚು ಸಲ ಓದಲಾಗುವುದಿಲ್ಲ. ಬೂಟ್ ಆಗುವಾಗ ವಿಂಡೋಸ್ ಕೇಳುವುದೇ ಹೀಗೆ ಚದುರಿದ ಸಾವಿರಾರು ಸಣ್ಣ ತುಂಡುಗಳನ್ನು. ಅದೇ ತಿರುಗುವ ಭಾಗವೇ ಇಲ್ಲದ, ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ಡಬ್ಬದ ಮೇಲೆ ಬರೆದ ‘550 ಎಂಬಿ’ ವೇಗಕ್ಕಿಂತ ನಮಗೆ ಬೇಕಾದ್ದು ಈ ವ್ಯತ್ಯಾಸ.

ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ನಲ್ಲಿ ಡಿಸ್ಕ್ ಆರಿಸಿ. ಆಕ್ಟಿವ್ ಟೈಮ್ 100%, ಓದುವ ವೇಗ ಮಾತ್ರ 1–2 ಎಂಬಿ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಲಾಗಿನ್ ಆದ ಮೊದಲ ಕೆಲವು ನಿಮಿಷ ಕಾಣುವುದು ಇದೇ. ಪಕ್ಕದಲ್ಲಿರುವ ‘ಆವರೇಜ್ ರೆಸ್ಪಾನ್ಸ್ ಟೈಮ್’ ಮೇಲೆ ಕಣ್ಣಿಡಿ. ಭಾರ ಇದ್ದಾಗ ಹತ್ತಾರು ಮಿಲಿಸೆಕೆಂಡ್ ಇರುವುದು ಸಹಜ. ಮತ್ತೆ ಮತ್ತೆ 1000 ದಾಟುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಆ ಅನುಮಾನ ಬಗೆಹರಿಸಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದರ ಪಟ್ಟಿಯಲ್ಲಿ ಮೂರು ಸಾಲು ಮುಖ್ಯ: 05 (ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ಭಾಗಗಳು), ಸಿ5 (ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವವು), ಸಿ6 (ಸರಿಪಡಿಸಲಾಗದವು). ಕೊನೆಯ ಕಾಲಂನ ಸಂಖ್ಯೆ ಹದಿನಾರರ ಲೆಕ್ಕದಲ್ಲಿ ಇರುತ್ತದೆ ಅನ್ನೋದು ನೆನಪಿರಲಿ. ಅಲ್ಲಿ 10 ಅಂತಿದ್ದರೆ ಅದು 16. ಸೀಗೇಟ್ ಡಿಸ್ಕುಗಳಲ್ಲಿ 01ರ ಮುಂದೆ ದೊಡ್ಡದೊಂದು ಸಂಖ್ಯೆ ಕಂಡು ಗಾಬರಿಯಾಗಬೇಡಿ, ಅವು ಲೆಕ್ಕ ಇಡುವ ಕ್ರಮವೇ ಹಾಗೆ. ಸಿ7 ಏರುತ್ತಿದ್ದರೆ ತೊಂದರೆ ಡಿಸ್ಕಿಗಿಂತ ಕೇಬಲ್ ಅಥವಾ ಕನೆಕ್ಟರಿನಲ್ಲಿ ಇರುವ ಸಾಧ್ಯತೆ ಹೆಚ್ಚು.

ಸಿ5ರ ಮುಂದೆ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಬೇರೆಲ್ಲ ಕೆಲಸ ನಿಲ್ಲಿಸಿ ಫೋಟೊ, ದಾಖಲೆಗಳನ್ನು ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ. ಇದನ್ನು ಒತ್ತಿ ಹೇಳಲೇಬೇಕು. ಏಕೆಂದರೆ ಇಂಥ ಹೊತ್ತಿನಲ್ಲೇ ಜನ ಡಿಫ್ರ್ಯಾಗ್ ಮಾಡುತ್ತಾರೆ, ಚೆಕ್‌ಡಿಸ್ಕ್ ಓಡಿಸುತ್ತಾರೆ. ಎರಡೂ ದುರ್ಬಲ ಡಿಸ್ಕಿನ ಮೂಲೆಮೂಲೆ ಓದಿಸುತ್ತವೆ. ಕೆಟ್ಟ ಸೆಕ್ಟರ್ ಬಳಿ ಹೆಡ್ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಉಳಿದ ಆಯಸ್ಸನ್ನೂ ಕಳೆದುಕೊಳ್ಳುತ್ತದೆ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ‘ಇವೆಂಟ್ ವ್ಯೂವರ್’ನ ಸಿಸ್ಟಂ ಲಾಗ್‌ನಲ್ಲಿ ‘ಡಿಸ್ಕ್’ ಮೂಲದಿಂದ 7 ಅಥವಾ 153 ಸಂಖ್ಯೆಯ ದಾಖಲೆಗಳು ಸಾಲುಗಟ್ಟಿದ್ದರೆ ಅದೂ ಇದೇ ಕಥೆ: 7 ಕೆಟ್ಟ ಬ್ಲಾಕ್, 153 ಓದು ಅಥವಾ ಬರಹವನ್ನು ಮತ್ತೆ ಪ್ರಯತ್ನಿಸಿದ್ದು.

ಪಾಸ್‌ವರ್ಡ್ ಕೊಟ್ಟ ಮೇಲೆ ತಡವಾದರೆ

ಸ್ಟಾರ್ಟಪ್ ಪಟ್ಟಿಯಲ್ಲಿ ‘ಹೈ’ ಅಂತ ಗುರುತಾದವುಗಳಿಂದ ಶುರು ಮಾಡಿ. ಮೀಟಿಂಗ್ ಆ್ಯಪ್‌ಗಳು, ಪ್ರಿಂಟರ್‌ನ ಇಂಕ್ ತೋರಿಸುವವು, ಆಟಗಳ ಲಾಂಚರ್, ದಿನಾ ಬಳಸದ ಕ್ಲೌಡ್ ಸಿಂಕ್, ಲ್ಯಾಪ್‌ಟಾಪ್ ಜೊತೆಗೇ ಬಂದ ‘ಅಸಿಸ್ಟೆಂಟ್’ಗಳು ಎಲ್ಲವನ್ನೂ ಡಿಸೇಬಲ್ ಮಾಡಬಹುದು. ಡಿಸೇಬಲ್ ಮಾಡಿದ ಮಾತ್ರಕ್ಕೆ ಅವು ಅಳಿಸಿಹೋಗುವುದಿಲ್ಲ. ಟಚ್‌ಪ್ಯಾಡ್, ಆಡಿಯೊ, ವಿಂಡೋಸ್ ಸೆಕ್ಯುರಿಟಿ ಮಾತ್ರ ಹಾಗೇ ಬಿಡಿ. ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಇದ್ದರೆ ಅದೇ ಕಂಪನಿಯ ರಿಮೂವಲ್ ಟೂಲ್ ಬಳಸಿ ಪೂರ್ತಿ ತೆಗೆಯಿರಿ. ವಿಂಡೋಸಿನ ಡಿಫೆಂಡರ್ ಈ ಯಂತ್ರಗಳಿಗೆ ಧಾರಾಳವಾಗಿ ಸಾಕು.

ಯಾವುದು ತಡ ಮಾಡುತ್ತಿದೆ ಅಂತ ವಿಂಡೋಸೇ ಬರೆದಿಡುತ್ತದೆ, ನೋಡುವವರು ಕಡಿಮೆ. ಇವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನೋಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಹೀಗೆ ಒಳಗಿಳಿಯಿರಿ. 100 ಸಂಖ್ಯೆಯ ದಾಖಲೆಯಲ್ಲಿ ಒಟ್ಟು ಬೂಟ್ ಸಮಯ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 101 ಆದರೆ ತಡ ಮಾಡಿದ ಆ್ಯಪ್, 102 ಡ್ರೈವರ್, 103 ಸರ್ವಿಸ್. ಹೆಸರೂ ಅಲ್ಲೇ ಇರುತ್ತದೆ.

ರಿಜಿಸ್ಟ್ರಿ ಕ್ಲೀನರ್, ರ್‍ಯಾಮ್ ಬೂಸ್ಟರ್‌ಗಳಿಂದ ಏನೂ ಪ್ರಯೋಜನವಿಲ್ಲ. ಪ್ರಿಫೆಚ್ ಫೋಲ್ಡರ್ ಖಾಲಿ ಮಾಡಿದರೆ ಮುಂದಿನ ಕೆಲವು ಬೂಟ್ ಇನ್ನೂ ನಿಧಾನವಾಗುತ್ತವೆ. ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಆರಿಸುವುದು ವೇಗ ಹೆಚ್ಚಿಸಲು ಅಲ್ಲ, ಕಡಿಮೆ ಕೋರ್‌ಗಳಲ್ಲಿ ಓಡಿಸಿ ಪರೀಕ್ಷಿಸಲು.

ಎಸ್‌ಎಸ್‌ಡಿ ಹಾಕುವುದು

ಒಂದೇ ಒಂದು ಭಾಗಕ್ಕೆ ದುಡ್ಡಿದೆ ಅಂದರೆ ಎಸ್‌ಎಸ್‌ಡಿಗೇ ಹಾಕಿ, ರ್‍ಯಾಮ್ ಆಮೇಲೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 480 ಜಿಬಿ. ಹೆಸರೇ ಕೇಳಿರದ ಬ್ರ್ಯಾಂಡ್ ಬೇಡ. ಮೂರು ವರ್ಷ ವಾರಂಟಿ, ಜೊತೆಗೆ ಬಿಲ್ಲು ಕೇಳಿ ಪಡೆಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಅಷ್ಟೇ, ಆನ್‌ಲೈನಿನಲ್ಲಿ ಕೊಂಡರೂ ಅಷ್ಟೇ. ಯಂತ್ರ ಸಾಟಾ 2 ಕಾಲದ್ದಾದರೆ ವೇಗ ಸುಮಾರು 270 ಎಂಬಿಗೆ ನಿಲ್ಲುತ್ತದೆ, ಆದರೂ ಬೂಟ್‌ನಲ್ಲಿ ಲಾಭ ಪೂರ್ತಿ ಸಿಗುತ್ತದೆ, ಯಾಕೆ ಅಂತ ಮೇಲೆ ನೋಡಿದೆವಲ್ಲ.

ಬ್ಯಾಟರಿ ಹೊರಗಡೆ ಇದ್ದರೆ ತೆಗೆದುಬಿಡಿ; ಒಳಗಿದ್ದರೆ ತಳ ಬಿಚ್ಚಿದ ಕೂಡಲೇ ಮೊದಲು ಅದರ ಕನೆಕ್ಟರ್ ಕಳಚಿ, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ತಳದ ಮುಚ್ಚಳ ಬರುತ್ತಿಲ್ಲ ಅಂದರೆ ಬಲ ಹಾಕಬೇಡಿ, ರಬ್ಬರ್ ಪಾದಗಳ ಕೆಳಗೆ ಅಥವಾ ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಸ್ಕ್ರೂ ಅಡಗಿರುತ್ತದೆ. ಕೆಲವು ಮಾದರಿಗಳಲ್ಲಿ ಡಿಸ್ಕಿನಿಂದ ಬೋರ್ಡಿಗೆ ತೆಳುವಾದ ಪಟ್ಟಿ ಕೇಬಲ್ ಇರುತ್ತದೆ. ಅದರ ಕನೆಕ್ಟರಿನ ಸಣ್ಣ ಚಿಲಕವನ್ನು ಉಗುರಿನಿಂದ ಮೇಲೆತ್ತಿದ ನಂತರವೇ ಕೇಬಲ್ ಎಳೆಯಬೇಕು. ಚಿಲಕ ಎತ್ತದೆ ಎಳೆದು ಹರಿದರೆ ಆ ಮಾದರಿಯ ಕೇಬಲ್ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಹಳೇ ಡಿಸ್ಕ್ ಅನೇಕ ಯಂತ್ರಗಳಲ್ಲಿ 9.5 ಮಿಮೀ ದಪ್ಪ, ಎಸ್‌ಎಸ್‌ಡಿ 7 ಮಿಮೀ. ಬ್ರ್ಯಾಕೆಟ್ ಇದ್ದರೆ ಅದಕ್ಕೆ ಬಿಗಿದರೆ ಸಾಕು, ಇಲ್ಲದಿದ್ದರೆ 2.5 ಮಿಮೀ ಸ್ಪೇಸರ್ ಅಂಟಿಸಿ. ಅಲುಗಾಡುವ ಎಸ್‌ಎಸ್‌ಡಿ ಕನೆಕ್ಟರಿನಲ್ಲಿ ಸಡಿಲವಾಗಿ, ಇದ್ದಕ್ಕಿದ್ದಂತೆ ‘ಡಿಸ್ಕ್ ಇಲ್ಲ’ ಅನ್ನುತ್ತದೆ.

ಡಿವಿಡಿ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಎರಡೂ ಡಿಸ್ಕ್ ಇಟ್ಟುಕೊಳ್ಳುವವರು ಮೊದಲು ಡಿವಿಡಿ ಡ್ರೈವಿನ ದಪ್ಪ ಅಳೆಯಿರಿ, 9.5 ಮತ್ತು 12.7 ಮಿಮೀ ಎರಡು ಬಗೆ ಇವೆ. ಮುಖ್ಯ ಜಾಗಕ್ಕೆ ಎಸ್‌ಎಸ್‌ಡಿ, ಕ್ಯಾಡಿಗೆ ಹಳೇ ಡಿಸ್ಕ್. ಹಳೆಯದು ಕೆಟ್ಟಿದ್ದರೆ ಕ್ಯಾಡಿಗೂ ಬೇಡ: ಅದು ಉತ್ತರ ಕೊಡಲಿ ಅಂತ ಬಯಾಸ್ ಕಾಯುತ್ತದೆ, ಲೋಗೋದಲ್ಲಿ ಮತ್ತೆ ತಡ ಶುರುವಾಗುತ್ತದೆ.

ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ-ಸಾಟಾ ಕೇಬಲ್ ಬಳಸಿ ಕ್ಲೋನ್ ಮಾಡಬಹುದು, ಅಂದರೆ ವಿಂಡೋಸ್ ಸಮೇತ ಇಡೀ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಬಹುದು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಬಳಸುವುದಾದರೆ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಹೆಚ್ಚು ದೊಡ್ಡದಿದ್ದರೆ ಸಲೀಸು. ಚಿಕ್ಕದಕ್ಕೆ ಹೋಗುವವರು ಎಸ್‌ಎಸ್‌ಡಿ ಕಂಪನಿಯೇ ಕೊಡುವ ಕ್ಲೋನಿಂಗ್ ತಂತ್ರಾಂಶ ನೋಡಿ. ಮೊದಲ ಬೂಟ್‌ಗೆ ಹಳೇ ಡಿಸ್ಕ್ ಯಂತ್ರದಲ್ಲಿ ಇರಕೂಡದು. ಕೆಟ್ಟ ಸೆಕ್ಟರ್ ಇರುವ ಡಿಸ್ಕನ್ನು ಕ್ಲೋನ್ ಮಾಡದೆ, ಕಡತಗಳನ್ನಷ್ಟೇ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ವಿಂಡೋಸ್ 8ರ ನಂತರ ಕಂಪನಿಯಿಂದಲೇ ವಿಂಡೋಸ್ ಸಮೇತ ಬಂದ ಯಂತ್ರಗಳಲ್ಲಿ ಕೀ ಬಯಾಸಿನೊಳಗೇ ಇರುತ್ತದೆ, ಡಿಸ್ಕ್ ಬದಲಿಸಿದರೆ ಲೈಸೆನ್ಸ್ ಹೋಗುವುದಿಲ್ಲ.

ಹೊಸದಾಗಿ ಹಾಕುವ ಮುಂಚೆ ನಮ್ಮ ಕಡೆ ಜನ ಮರೆಯುವ ಕೆಲವು ಇವೆ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ; ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ. ಟ್ಯಾಲಿ ಇದ್ದರೆ ಲೈಸೆನ್ಸ್ ಮೊದಲು ಸರೆಂಡರ್ ಮಾಡಿ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಡ್ರೈವರ್ ಎತ್ತಿಟ್ಟುಕೊಳ್ಳಿ. ಔಟ್‌ಲುಕ್‌ನ ಮೇಲ್‌ಗಳಿರುವ ಪಿಎಸ್‌ಟಿ ಫೈಲ್, ಬ್ರೌಸರ್‌ನ ಪಾಸ್‌ವರ್ಡ್‌ಗಳು ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ, ಹುಡುಕಿ ತೆಗೆಯಬೇಕು.

ರ್‍ಯಾಮ್, ಚಾರ್ಜರ್, ಬಿಸಿ

ಬೂಟ್ ಆಗಿ ಐದು ನಿಮಿಷದ ನಂತರವೂ ಮೆಮೊರಿ 85% ಮೇಲಿದ್ದರೆ 4ರಿಂದ 8 ಜಿಬಿಗೆ ಹೋಗಿ. ಸ್ಲಾಟ್ ಎಷ್ಟು ಖಾಲಿ ಅನ್ನೋದು ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾಣುತ್ತದೆ. ರ್‍ಯಾಮ್‌ನಲ್ಲಿ ಬಗೆಗಳಿವೆ: ಡಿಡಿಆರ್3 1.5 ವೋಲ್ಟ್, ಡಿಡಿಆರ್3ಎಲ್ 1.35 ವೋಲ್ಟ್, ನೋಡಲು ಎರಡೂ ಒಂದೇ ತರಹ, 204 ಪಿನ್. ನಾಲ್ಕನೆಯ ತಲೆಮಾರಿನ, ಹೆಸರಿನ ಕೊನೆಗೆ ‘ಯು’ ಇರುವ ಪ್ರೊಸೆಸರ್‌ಗಳಿಗೆ ‘ಎಲ್’ ಇರುವುದನ್ನೇ ಕೊಡಬೇಕು. ಡಿಡಿಆರ್4 260 ಪಿನ್ನಿನದು, ಆ ಸ್ಲಾಟಿಗೆ ಕೂರುವುದೇ ಇಲ್ಲ.

ಎಸ್‌ಎಸ್‌ಡಿ ಹಾಕಿದ ಮೇಲೂ ಎಳೆದಾಡುತ್ತಿದ್ದರೆ ಸಿಪಿಯು ವೇಗ ನೋಡಿ. ಕೆಲಸ ಮಾಡುತ್ತಿರುವಾಗಲೂ 0.8 ಗಿಗಾಹರ್ಟ್ಸ್ ಹತ್ತಿರವೇ ಅಂಟಿಕೊಂಡಿದ್ದರೆ ಚಾರ್ಜರ್ ಮೇಲೆ ಅನುಮಾನ ಪಡಿ. ಡೆಲ್‌ನಂಥ ಯಂತ್ರಗಳಲ್ಲಿ ಪಿನ್ನಿನ ನಡುವಿನ ಸಣ್ಣ ಸೂಜಿ ಚಾರ್ಜರ್ ಎಷ್ಟು ವ್ಯಾಟಿನದು ಅಂತ ಹೇಳುತ್ತದೆ. ಅದು ಬಾಗಿದರೆ ಅಥವಾ ಚಾರ್ಜರ್ ನಕಲಿಯಾದರೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ವೇಗ ಏರಿದರೆ ಕಳ್ಳ ಸಿಕ್ಕಂತೆ. ಏರದಿದ್ದರೆ ಫ್ಯಾನ್, ಹೀಟ್‌ಸಿಂಕ್ ಧೂಳು ತೆಗೆಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ. ಧೂಳು ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಅತಿಯಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಿ ಬಹುತೇಕ ಎಂಟನೆಯ ತಲೆಮಾರಿನಿಂದ ಈಚಿನದೇ ಬೇಕು. ಹಾಗಾಗಿ ಬ್ರೌಸರ್, ಪತ್ರ, ಪಾಠಕ್ಕಷ್ಟೇ ಬಳಸುವವರಿಗೆ ಎಸ್‌ಎಸ್‌ಡಿ ಮೇಲೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಎಂಬ ಉಚಿತ, ಹಗುರವಾದ ವ್ಯವಸ್ಥೆ ಹಾಕಿಕೊಡುವುದೇ ಒಳ್ಳೆಯದು. ಭಾಷೆ ಬದಲಿಸಿ ಟೈಪ್ ಮಾಡಲು ಬೇಕಾದ ಐಬಸ್ ಸೇರಿಸಿದರೆ ಕನ್ನಡ ಟೈಪಿಂಗ್‌ಗೂ ತೊಂದರೆಯಿಲ್ಲ. ಲಿನಕ್ಸಿನಲ್ಲೂ ಬೂಟ್ ಸರಿಯಾಗಿ ಒಂದೂವರೆ ನಿಮಿಷ ನಿಂತು ಮುಂದೆ ಹೋಗುತ್ತಿದ್ದರೆ, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ) ಈಗ ಇಲ್ಲದ ಸ್ವಾಪ್‌ನ, ಅಂದರೆ ರ್‍ಯಾಮ್‌ಗೆ ನೆರವಾಗುವ ಡಿಸ್ಕ್ ಜಾಗದ, ಸಾಲು ಉಳಿದಿರುವ ಸಾಧ್ಯತೆ ಹೆಚ್ಚು. ಲಿನಕ್ಸನ್ನು ಶುರು ಮಾಡಿಸುವ ಸಿಸ್ಟಂಡಿ ಅದಕ್ಕಾಗಿ 90 ಸೆಕೆಂಡ್ ಕಾಯುತ್ತದೆ. ಆ ಸಾಲಿನ ಮುಂದೆ # ಹಾಕಿ ಉಳಿಸಿ, ರೀಸ್ಟಾರ್ಟ್ ಮಾಡಿ.