ಪಂಚಮವಿಲ್ಲದ ತಂಬೂರಿ

ನನಗಾಗ ಹದಿನಾರು ವರ್ಷ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಪ್ರತಿವರ್ಷ ನಡೆಯುವ ಅಹೋರಾತ್ರಿ ಸಂಗೀತೋತ್ಸವಕ್ಕೆ ಅಪ್ಪನ ಸ್ನೇಹಿತರೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಅವರು ನಿವೃತ್ತ ಶಾಲಾ ಶಿಕ್ಷಕರು. ಊರಿನವರೆಲ್ಲ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ನಡುರಾತ್ರಿ ಕಳೆಯುವ ಹೊತ್ತಿಗೆ ನನ್ನ ಕಣ್ಣು ಎಳೆಯತೊಡಗಿದ್ದನ್ನು ನೋಡಿ ಅವರು ಗದರಿಸಲಿಲ್ಲ. "ನಿದ್ದಿ ಬಂದ್ರ ಮಲಕೋ ತಮ್ಮಾ, ಆದ್ರ ತಂಬೂರಿ ಕಿವಿಗೆ ಬೀಳೂಹಂಗ ಮಲಕೋ" ಎಂದರು. ನಾನು ಜಮಖಾನೆಯ ಮೇಲೆ ಹಾಗೆಯೇ ಒರಗಿದೆ. ಎಷ್ಟೋ ಹೊತ್ತಿನ ಮೇಲೆ ಇದ್ದಕ್ಕಿದ್ದಂತೆ ಎಚ್ಚರವಾಯಿತು. ಆಗ ಯಾರೂ ಹಾಡುತ್ತಿರಲಿಲ್ಲ. ಮುಂದಿನ ಗಾಯಕರ ಇಬ್ಬರು ಶಿಷ್ಯರು ತಂಬೂರಿಗಳನ್ನು ಶ್ರುತಿ ಮಾಡುತ್ತಿದ್ದರು, ಮತ್ತು ರಾತ್ರಿಯಿಡೀ ನನ್ನ ಕಿವಿಯಲ್ಲಿ ಮನೆ ಮಾಡಿಕೊಂಡಿದ್ದ ಯಾವುದೋ ಒಂದು ಸ್ವರ ಅಲ್ಲಿಂದ ಎದ್ದುಹೋಗಿತ್ತು. ಏನು ಹೋಯಿತು ಎಂದು ಹೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಮಾಸ್ತರರು ನನ್ನ ಕಡೆಗೆ ಬಾಗಿ, "ಪಂಚಮ ಹೋತು, ಕೇಳಿದೇನು? ಈಗ ಲಲತ ಹಾಡ್ತಾರ" ಎಂದರು.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಮೊದಲನೆಯದು ಪಂಚಮ (ಪ), ನಡುವಿನ ಎರಡು ಷಡ್ಜ (ಸ), ಕೊನೆಯದು ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ, ಷಡ್ಜ. ಲಲತ ರಾಗದಲ್ಲಿ ಪಂಚಮವೇ ಇಲ್ಲ. ಅಲ್ಲಿ ಶುದ್ಧ ಮತ್ತು ತೀವ್ರ ಮಧ್ಯಮಗಳೆರಡೂ (ಮ) ಒಂದರ ಪಕ್ಕದಲ್ಲಿ ಒಂದು ನಿಂತು ರಾಗದ ಪ್ರಾಣವನ್ನು ಹೊತ್ತಿರುತ್ತವೆ. ಆದ್ದರಿಂದ ಮೊದಲನೆಯ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸುತ್ತಾರೆ. ಆ ಒಂದು ತಂತಿ ಇಳಿದರೆ ಸಾಕು, ಇಡೀ ವಾಡೆಯ ಗಾಳಿಯೇ ಬೇರೆಯಾಗುತ್ತದೆ. ಅಂದು ಲಲತ ಹಾಡಿದವರು ಹೆಸರುವಾಸಿಯಾದ ಗಾಯಕರೇನೂ ಆಗಿರಲಿಲ್ಲ, ಅವರ ಧ್ವನಿಯೂ ಅಷ್ಟೊಂದು ಸಿರಿವಂತವಾಗಿರಲಿಲ್ಲ. ಆದರೂ ಅವರು ಎರಡು ಮಧ್ಯಮಗಳ ನಡುವೆ ನಿಧಾನವಾಗಿ ಸುಳಿದಾಡುತ್ತಿದ್ದಾಗ ಹೊರಗೆ ಆಕಾಶದ ಕಪ್ಪು ಸ್ವಲ್ಪ ಸ್ವಲ್ಪವಾಗಿ ತೆಳುವಾಗುತ್ತಿದ್ದುದನ್ನು ನಾನು ಕಂಡೆ. ರಾಗಕ್ಕೂ ಹೊತ್ತಿಗೂ ಸಂಬಂಧವಿದೆ ಎಂಬ ಮಾತನ್ನು ಅದಕ್ಕೂ ಮೊದಲು ಹಲವರಿಂದ ಕೇಳಿದ್ದೆ. ಆ ಬೆಳಗಿನ ಜಾವ ಅದನ್ನು ಕಣ್ಣಾರೆ ನೋಡಿದೆ.

ಆ ವಾಡೆಯಲ್ಲಿ ಕುಳಿತು ಕೇಳುವುದಕ್ಕೆ ಇನ್ನೊಂದು ಅರ್ಥವೂ ಇತ್ತು. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಇದೇ ಊರಿಗೆ ಬಂದು ಹೋಗುತ್ತಿದ್ದರು. ಗುರುವನ್ನು ಹುಡುಕಿಕೊಂಡು ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದ ಭೀಮಸೇನ ಜೋಶಿಯವರು ಕೊನೆಗೆ 1936ರಲ್ಲಿ ಅವರ ಬಳಿಯೇ ಬಂದು ನಿಂತರು. ಮಾಸ್ತರರು ಈ ಕಥೆಗಳನ್ನು ಹೇಳುವಾಗ ಕೈಯೆತ್ತಿ ಆ ದಿಕ್ಕು ಈ ದಿಕ್ಕು ತೋರಿಸುತ್ತಿದ್ದರು, ಅವರೆಲ್ಲ ಇನ್ನೂ ಅಲ್ಲೇ ಓಡಾಡುತ್ತಿದ್ದಾರೆ ಎಂಬಂತೆ.

ಮಲ್ಲಿಕಾರ್ಜುನ ಮನ್ಸೂರರನ್ನು ನಾನು ಮೊದಲ ಸಲ ಕೇಳಿದ್ದು ಧಾರವಾಡದ ಒಂದು ಚಿಕ್ಕ ಬೈಠಕ್ಕಿನಲ್ಲಿ. ತೆಳ್ಳನೆಯ, ಪುಟ್ಟ ಆಕಾರದ ಆ ಮನುಷ್ಯ ವೇದಿಕೆಗೆ ಬಂದು ಕುಳಿತಾಗ, ಅಷ್ಟು ದೊಡ್ಡ ಹೆಸರಿಗೆ ಇಷ್ಟು ಸಣ್ಣ ದೇಹವೇ ಎಂದು ನನಗೆ ಆಶ್ಚರ್ಯವಾಯಿತು. ಜೈಪುರ-ಅತ್ರೌಲಿ ಘರಾಣೆಯಲ್ಲಿ ಕಿರಾಣಾದವರ ಹಾಗೆ ಒಂದೊಂದೇ ಸ್ವರವನ್ನು ಹಿಡಿದು ಬಹಳ ಹೊತ್ತು ಬೆಳೆಸುತ್ತ ಹೋಗುವ ಪದ್ಧತಿಯಿಲ್ಲ. ತಂಬೂರಿ ಕೂಡಿತು ಎನ್ನುವಷ್ಟರಲ್ಲಿ ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಹಾಡು, ಶುರುವಾಗಿಬಿಟ್ಟಿತ್ತು, ಮತ್ತು ಮೊದಲ ಆವರ್ತನದಲ್ಲಿಯೇ ರಾಗದ ಪೂರ್ತಿ ರೂಪ ನಮ್ಮೆದುರಿಗಿತ್ತು. ಯಾವ ರಾಗ ಎಂಬುದು ಮಾತ್ರ ಸಭೆಯಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ಬಿಹಾಗ ಎಂದು ಒಬ್ಬರು ಪಿಸುಗುಟ್ಟಿದರು, ಅಲ್ಲವೆಂದು ಇನ್ನೊಬ್ಬರು ತಲೆಯಾಡಿಸಿದರು. ಮಾಸ್ತರರು ಅವರತ್ತ ತಿರುಗಿ, "ಹೆಸರು ಆಮ್ಯಾಲ ಕೇಳೂಣ್ರಿ, ಈಗ ಹಾಡು ಕೇಳ್ರಿ" ಎಂದು ಸುಮ್ಮನಾಗಿಸಿದರು. ಅದು ಏಕ ನಿಷಾದ ಬಿಹಾಗಡಾ ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ಶಿವಮತ ಭೈರವ, ಖಟ್, ಲಲಿತಾ ಗೌರಿ, ಸಂಪೂರ್ಣ ಮಾಲಕಂಸ, ಹೀಗೆ ಬೇರೆಯವರ ಕಛೇರಿಗಳಲ್ಲಿ ಅಪರೂಪಕ್ಕೂ ಕೇಳಸಿಗದ ರಾಗಗಳು ಅವರ ಬಾಯಲ್ಲಿ ದಿನನಿತ್ಯದ ಮಾತಿನಷ್ಟು ಸಲೀಸಾಗಿ ಬರುತ್ತಿದ್ದವು. ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಪಡೆದ ಆ ಸಂಪತ್ತನ್ನು ಅವರು ಪ್ರದರ್ಶನಕ್ಕೆ ಇಟ್ಟಂತೆ ಒಮ್ಮೆಯೂ ಅನಿಸಲಿಲ್ಲ.

ಅವರ ಗಾಯನದಲ್ಲಿ ನನ್ನನ್ನು ಸೆರೆಹಿಡಿದದ್ದು ಉಸಿರು. ವೇಗದ ಸ್ವರಮಾಲೆಯಾದ ಒಂದು ತಾನ್ ಇಲ್ಲಿಗೆ ಮುಗಿಯಿತು ಎಂದು ನಾವು ಉಸಿರು ಬಿಡುವ ಹೊತ್ತಿಗೆ ಅದು ಮತ್ತೊಂದು ತಿರುವು ತೆಗೆದುಕೊಂಡು, ತಾಳದ ಮಾತ್ರೆಗಳ ಸಂದಿಗಳಲ್ಲಿ ನುಸುಳಿ, ಯಾರೂ ಎಣಿಸದ ಕಡೆಯಿಂದ ಬಂದು ತಾಳದ ಮೊದಲ ಮಾತ್ರೆಯಾದ ಸಮ್ಮಿನ ಮೇಲೆ ನಿಲ್ಲುತ್ತಿತ್ತು. ಹಿಂದೆ ಕುಳಿತು ದನಿಗೂಡಿಸುತ್ತಿದ್ದ ಮಗ ರಾಜಶೇಖರ ಮನ್ಸೂರರು ಆ ತಿರುವನ್ನು ಹಿಡಿದು ಮುಂದುವರಿಸಿದಾಗ ತಂದೆಯ ಮುಖದಲ್ಲಿ ಸಣ್ಣ ನಗು ಮೂಡಿ ಮಾಯವಾಗುತ್ತಿತ್ತು. ಕೊನೆಯಲ್ಲಿ ಅವರು ವಚನ ಹಾಡಿದರು. ಅಷ್ಟು ಹೊತ್ತು ಅಪರಿಚಿತ ರಾಗದ ಜಾಡು ಹಿಡಿಯಲು ಹೆಣಗುತ್ತಿದ್ದ ಸಭೆ, ತನ್ನದೇ ನುಡಿ ಕಿವಿಗೆ ಬಿದ್ದೊಡನೆ ಸಡಿಲಗೊಂಡು ಕುಳಿತ ಪರಿ ನನಗೆ ಇವತ್ತಿಗೂ ಮರೆತಿಲ್ಲ.

ಗಂಗೂಬಾಯಿಯವರ ಗಾಯನಕ್ಕೆ ನಾನು ಒಲಿದದ್ದು ತಡವಾಗಿ. ಮೊದಲ ಸಲ ಕೇಳಿದಾಗ ಆ ಗಡಸು, ಗಂಭೀರ ದನಿ ನನಗೆ ಹಿಡಿಸಲಿಲ್ಲ ಎಂದು ಒಪ್ಪಿಕೊಳ್ಳಬೇಕು. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿರುವುದು ಏರುಶ್ರುತಿಯ ತೆಳುವಾದ ಕಂಠ. ಗಂಟಲಿನ ಚಿಕಿತ್ಸೆಯ ನಂತರ ಅದು ಪೂರ್ತಿ ಬದಲಾಯಿತು. ಬದಲಾದ ಕಂಠವನ್ನು ಕೊರತೆಯೆಂದು ಎಣಿಸದೆ, ಅದಕ್ಕೆ ಒಪ್ಪುವ ಗಾಯನವನ್ನೇ ಅವರು ಕಟ್ಟಿಕೊಂಡರು ಎಂಬುದು ನನಗೆ ಅರ್ಥವಾಗಲು ನಾಲ್ಕಾರು ಕಛೇರಿಗಳೇ ಬೇಕಾದವು. ಜಿಪುಣನು ಹಣ ಬಿಚ್ಚುವಂತೆ ರಾಗವನ್ನು ಬಿಚ್ಚಬೇಕು ಎಂದು ತಮ್ಮ ಗುರುಗಳು ಕಲಿಸಿದ್ದನ್ನು ಅವರು ನೆನೆಯುತ್ತಿದ್ದರು. ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ಅವರು ಹಾಡಿದ ಒಂದು ಪೂರಿಯಾ ರಾಗದಲ್ಲಿ. ಮೈ ಅಲುಗಿಸದೆ ಕುಳಿತು, ಮಂದ್ರ ಸಪ್ತಕದ ನಿಷಾದವೊಂದನ್ನೇ ಅವರು ಎಷ್ಟು ಬಗೆಯಲ್ಲಿ ತೋರಿಸಿದರೆಂದರೆ, ಷಡ್ಜ ಬಂದಾಗ ಬಹುದಿನಗಳ ಮೇಲೆ ಮನೆಯ ಬಾಗಿಲು ತೆರೆದಂತೆ ಆಯಿತು. ಮಗಳು ಕೃಷ್ಣಾ ಹಾನಗಲ್ಲರು ಪಕ್ಕದಲ್ಲಿ ಕುಳಿತು ಅದೇ ಸ್ವರವನ್ನು ತಮ್ಮ ದನಿಯಲ್ಲಿ ಎತ್ತಿಕೊಳ್ಳುತ್ತಿದ್ದರು. 2004ರಲ್ಲಿ ಮಗಳು ತೀರಿಕೊಂಡ ಸುದ್ದಿ ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಆ ಜೋಡಿ ದನಿಯ ಪೂರಿಯಾ.

ಇನ್ನು ಭೀಮಸೇನರು. ಅವರ ಬಗ್ಗೆ ಬರೆಯುವಾಗ ನನ್ನ ವಾಕ್ಯಗಳು ಹತೋಟಿ ತಪ್ಪುತ್ತವೆ, ಓದುಗರು ಕ್ಷಮಿಸಬೇಕು. ನಾನು ಅವರನ್ನು ಹತ್ತು-ಹನ್ನೆರಡು ಸಲವಾದರೂ ಕೇಳಿದ್ದೇನೆ, ಒಂದು ಕಛೇರಿ ಇನ್ನೊಂದರಂತೆ ಇರಲಿಲ್ಲ. ಕೆಲವು ದಿನ ಕಂಠ ಅವರ ಮಾತು ಕೇಳುತ್ತಿರಲಿಲ್ಲ. ಮೊದಲ ಇಪ್ಪತ್ತು ನಿಮಿಷ ಅವರು ತಮ್ಮದೇ ಗಂಟಲಿನೊಡನೆ ಸೆಣಸುತ್ತಿರುವಂತೆ ಕಾಣುತ್ತಿತ್ತು. ಅಂಥದೊಂದು ಸಂಜೆ ಅವರು ಶುದ್ಧ ಕಲ್ಯಾಣ ಹಿಡಿದರು. ವಿಲಂಬಿತ ಏಕತಾಳ, ಹನ್ನೆರಡು ಮಾತ್ರೆಗಳ ಒಂದು ಆವರ್ತನ ಮುಗಿಯುವುದಕ್ಕೆ ಮುಕ್ಕಾಲು ನಿಮಿಷವೇ ಬೇಕಾಗುತ್ತಿತ್ತು. ಮಂದ್ರದಲ್ಲಿ ದನಿ ಒಡೆಯಿತು. ಅವರು ಅದನ್ನು ಮರೆಮಾಚಿ ಮೇಲಕ್ಕೆ ಓಡಲಿಲ್ಲ, ಒಡೆದ ಜಾಗಕ್ಕೇ ಹಿಂದಿರುಗಿ ಮತ್ತೆ ಅದೇ ಸ್ವರಗುಚ್ಛವನ್ನು ತೆಗೆದುಕೊಂಡರು, ಮತ್ತೊಮ್ಮೆ ತೆಗೆದುಕೊಂಡರು. ಆವರ್ತನದಿಂದ ಆವರ್ತನಕ್ಕೆ ದನಿ ಬೆಚ್ಚಗಾಗುತ್ತ, ಗಾಂಧಾರಕ್ಕೆ ಬಂದು, ಪಂಚಮಕ್ಕೆ ಬಂದು, ಅವರೋಹದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನಲ್ಲಿ ನಿಷಾದ-ಮಧ್ಯಮಗಳನ್ನು ನೆರಳಿನಂತೆ ಸೋಕಿಸಿ ಇಳಿಯುತ್ತ, ತಾರ ಷಡ್ಜದ ಹೊಸ್ತಿಲಿನವರೆಗೆ ಹೋಗಿ ಹಲವು ಸಲ ಹಿಂದಕ್ಕೆ ಬಂದು, ಕಡೆಗೂ ಅದರ ಮೇಲೆ ನಿಂತಾಗ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರು ಕೇಳಿಸಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅಳುತ್ತಿದ್ದರು. ನಾನು ಅವರ ಪರಿಚಯ ಕೇಳಲಿಲ್ಲ, ಅವರೂ ನನ್ನ ಕಡೆಗೆ ನೋಡಲಿಲ್ಲ.

ಅದೇ ಶುದ್ಧ ಕಲ್ಯಾಣದ ಧ್ವನಿಮುದ್ರಿಕೆಗಳು ನನ್ನಲ್ಲಿವೆ, ಎಲ್ಲವೂ ಶ್ರೇಷ್ಠವಾದವು. ಅವುಗಳಲ್ಲಿ ದನಿ ಎಲ್ಲಿಯೂ ಒಡೆಯುವುದಿಲ್ಲ. ಆ ಸಂಜೆಯ ತಾರ ಷಡ್ಜ ಅವುಗಳಲ್ಲಿ ಸಿಗದಿರುವುದಕ್ಕೆ ಅದೇ ಕಾರಣವೆಂದು ನಾನು ನಂಬಿದ್ದೇನೆ. ಅದನ್ನು ಅವರು ನಮ್ಮೆದುರು ಗಳಿಸಿದ್ದರು, ಗಳಿಸುವವರೆಗೆ ನಾವೂ ಅವರೊಡನೆ ಕಾದಿದ್ದೆವು.

ಬಸವರಾಜ ರಾಜಗುರು ಅವರನ್ನು ಎರಡು ಸಲ, ಕುಮಾರ ಗಂಧರ್ವರನ್ನು ಒಂದೇ ಸಲ ಕೇಳುವ ಯೋಗ ನನ್ನದಾಗಿತ್ತು. ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ರಾಜಗುರುಗಳು ಖಯಾಲ್, ಠುಮ್ರಿ, ನಾಟ್ಯಗೀತೆ, ವಚನ ಎಲ್ಲದರಲ್ಲಿಯೂ ಒಂದೇ ಸಮನಾಗಿ ಸಂಚರಿಸುತ್ತಿದ್ದರು. ಕ್ಷಯರೋಗದಿಂದ ಐದಾರು ವರ್ಷ ಹಾಡದೆ ಮಲಗಿದ್ದು ಎದ್ದ ಕುಮಾರರು ತಮ್ಮ ಉಸಿರಿಗೆ ತಕ್ಕಂತೆ ಗಾಯನವನ್ನು ಚಿಕ್ಕ ಚಿಕ್ಕ ಮಾತುಗಳಾಗಿ ಮುರಿದು ಕಟ್ಟಿದ್ದರು. ಮಾತು ಮಾತಿನ ನಡುವೆ ಅವರು ಬಿಟ್ಟ ಮೌನದಲ್ಲಿ ತಂಬೂರಿಗಳು ಎಷ್ಟು ನಿಚ್ಚಳವಾಗಿ ಕೇಳಿದವೆಂದರೆ, ಮಾಸ್ತರರು ಅಂದು ಇಡೀ ಕಛೇರಿಯನ್ನು ಕಣ್ಣು ಮುಚ್ಚಿಕೊಂಡೇ ಕೇಳಿದರು. ರಾಜಗುರುಗಳು 1991ರ ಜುಲೈನಲ್ಲಿ, ಕುಮಾರರು 1992ರ ಜನವರಿಯಲ್ಲಿ, ಮನ್ಸೂರರು ಅದೇ ವರ್ಷದ ಸೆಪ್ಟೆಂಬರ್ 12ರಂದು ತೀರಿಕೊಂಡರು. 14 ತಿಂಗಳೊಳಗೆ ಮೂವರೂ ಇಲ್ಲವಾದರು. ಸೆಪ್ಟೆಂಬರ್ 12 ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ದಿನವೂ ಹೌದು. ಮಾಸ್ತರರೂ ಅದರ ಮರುವರ್ಷ ಹೋದರು. ನನಗೆ ಆ ಸಾವುಗಳನ್ನು ಬೇರೆ ಬೇರೆಯಾಗಿ ನೆನೆಯುವುದು ಸಾಧ್ಯವಾಗಿಲ್ಲ.

ಆಮೇಲೆ ಉದ್ಯೋಗ ನನ್ನನ್ನು ಬೆಂಗಳೂರಿಗೆ ಕರೆತಂದಿತು. ಇಲ್ಲಿ ನನಗೆ ಕರ್ನಾಟಕ ಸಂಗೀತದ ಕಿವಿ ಕೊಟ್ಟದ್ದು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ. ಅಲ್ಲಿ ಸುತ್ತಲಿನ ಶ್ರೋತೃಗಳೆಲ್ಲ ತೊಡೆಯ ಮೇಲೆ ತಾಳ ಹಾಕುತ್ತ ಕೇಳುವುದನ್ನು ಕಂಡು ಮೊದಮೊದಲು ನಾನು ಕಂಗಾಲಾಗಿದ್ದೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗ ಎಷ್ಟು ದೂರ ಹೋದರೂ ನೂರಾರು ಕೈಗಳು ಒಂದೇ ಕ್ಷಣಕ್ಕೆ ತಾಳದಲ್ಲಿ ಹಾಡು ಎತ್ತುವ ಜಾಗವಾದ ಎಡುಪಿಗೆ ಬಂದು ಸೇರುವುದನ್ನು ನೋಡುವುದೇ ಒಂದು ಸಂತೋಷ. ಆದರೂ ನನ್ನ ಮನಸ್ಸು ಹಳೆಯ ಕಡೆಗೇ ಎಳೆಯುತ್ತದೆ. ಹದಿನಾರರಲ್ಲಿ ಕಿವಿಗೆ ಬಿದ್ದದ್ದು ಬೇರು ಬಿಟ್ಟಿರುತ್ತದೆ.

ನನ್ನೊಳಗೆ ಒಂದು ವ್ಯಥೆಯೂ ಇದೆ. ಇಂದು ನಗರಗಳಲ್ಲಿ ಹಿಂದುಸ್ತಾನಿ ಕಛೇರಿಗಳು ಬಹುಮಟ್ಟಿಗೆ ಸಂಜೆ ಆರರಿಂದ ಒಂಬತ್ತರವರೆಗೆ ನಡೆಯುತ್ತವೆ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆ ನಿಯಮ ಬೇಕಾದದ್ದೇ. ನಿದ್ದೆ ಮಾಡುವವರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಮರುದಿನದ ಕೆಲಸ, ದೂರದ ಪ್ರಯಾಣಗಳೂ ಇದಕ್ಕೆ ಕಾರಣ. ಇದರ ಫಲವಾಗಿ ಯಮನ, ಪೂರಿಯಾ ಧನಾಶ್ರೀ, ಮಾರು ಬಿಹಾಗ, ರಾಗೇಶ್ರೀಗಳನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ; ಲಲತ, ಭಟಿಯಾರ, ತೋಡಿ, ದೇಸಿಗಳನ್ನು ಎದುರಿಗೆ ಕುಳಿತು ಕೇಳುವ ಅವಕಾಶ ವರ್ಷಕ್ಕೆ ಒಂದೆರಡು ಸಲ ಸಿಕ್ಕರೆ ಹೆಚ್ಚು. ಸಭೆಯಲ್ಲಿ ಹಾಡದ ರಾಗವನ್ನು ಗಾಯಕರು ಮನೆಯಲ್ಲಿ ಎಷ್ಟೇ ಸಾಧನೆ ಮಾಡಿದರೂ, ಅದು ಶ್ರೋತೃಗಳ ಎದುರಿನಲ್ಲಿ ಬೆಳೆಯುವ ಬಗೆಯೇ ಬೇರೆ. ಒಂದು ತಲೆಮಾರಿನ ಶ್ರೋತೃಗಳಿಗೆ ಈ ರಾಗಗಳು ಫೋನಿನಲ್ಲಿ ಯಾವ ಹೊತ್ತಿಗಾದರೂ ಸಿಗುತ್ತವೆ, ಅವುಗಳ ಹೊತ್ತು ಮಾತ್ರ ಸಿಗುವುದಿಲ್ಲ.

ಆದ್ದರಿಂದ ಎಲ್ಲಿಯಾದರೂ ಬೆಳಗಿನ ಕಛೇರಿ ಇದೆ ಎಂದು ತಿಳಿದರೆ ನಾನು ತಪ್ಪಿಸುವುದಿಲ್ಲ. ಕಳೆದ ಚಳಿಗಾಲದಲ್ಲಿ ಅಂಥದೊಂದಕ್ಕೆ ಮಗಳನ್ನು ಕರೆದುಕೊಂಡು ಹೋದೆ. ಆರು ಗಂಟೆಗೆ ಶುರುವಾಗಬೇಕಿದ್ದ ಕಾರ್ಯಕ್ರಮ; ನಾವು ತಲುಪಿದಾಗ ಇನ್ನೂ ಕತ್ತಲಿತ್ತು, ಸಭಾಂಗಣದಲ್ಲಿ ಮೂವತ್ತು ಜನರೂ ಇರಲಿಲ್ಲ. ಹಾಡಬೇಕಿದ್ದವರು ಹೆಚ್ಚೆಂದರೆ ಮೂವತ್ತರ ಹರೆಯದ ಯುವತಿ. ಎಲೆಕ್ಟ್ರಾನಿಕ್ ತಂಬೂರಿಗಳ ಈ ಕಾಲದಲ್ಲಿ ಅವರು ಎರಡು ದೊಡ್ಡ ತಂಬೂರಿಗಳನ್ನು ತಂದಿದ್ದರು. ಶ್ರುತಿ ಮಾಡಲು ತುಂಬ ಹೊತ್ತು ತೆಗೆದುಕೊಂಡರು. ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಮೇಲೆ ತಂತಿಯ ಕೆಳಗಿರುವ ಜವಾರಿಯ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಮೀಟಿ, ಮತ್ತೆ ಸರಿಸಿದರು. ಮಗಳು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ಅವಳನ್ನು ಎಬ್ಬಿಸಲಿಲ್ಲ. ಪಂಚಮ ಕೂಡಿತು, ಷಡ್ಜಗಳು ಕೂಡಿದವು, ನಾದ ತುಂಬಿಕೊಂಡಿತು. ನಂತರ ಆ ಯುವತಿ ಕಿಟಕಿಯ ಕಡೆಗೊಮ್ಮೆ ನೋಡಿ, ಏನನ್ನೋ ನಿರ್ಧರಿಸಿದವರಂತೆ ಮೊದಲನೆಯ ತಂತಿಯ ಬಿರಡೆಗೆ ಕೈ ಹಾಕಿ ನಿಧಾನವಾಗಿ ಇಳಿಸತೊಡಗಿದರು. ಮಗಳು ಕಣ್ಣು ತೆರೆದು, "ಅಪ್ಪಾ, ಏನೋ ಬದಲಾಯ್ತಲ್ಲ?" ಎಂದಳು.