‘ನಿಮ್ಮದೂ ಮಮ್ಮಿಯ ಹಾಗೇ ಅಲ್ವಾ?’ ಎಂದು ಕೇಳುವವರಿಗೆ

“ಈಜಿಪ್ಟಿನವರೂ ಪೆಟ್ಟಿಗೆಯಲ್ಲಿಟ್ಟು ಹೂಳ್ತಿದ್ರು, ನೀವು ಕ್ರೈಸ್ತರೂ ಹಾಗೇ ಮಾಡ್ತೀರಿ. ಎರಡೂ ಒಂದೇ ನಂಬಿಕೆ ಅಲ್ವಾ?”

ಅಲ್ಲ. ಕೇಳುವವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬರುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ. ಪೆಟ್ಟಿಗೆಯನ್ನು ಬಿಡಿ, ಒಳಗಿರುವ ದೇಹಕ್ಕೆ ಏನು ಮಾಡುತ್ತಿದ್ದರು ನೋಡಿ.

ಪ್ರಾಚೀನ ಈಜಿಪ್ಟಿನಲ್ಲಿ ಉತ್ತಮ ದರ್ಜೆಯ ಮಮ್ಮಿಗೆ, ಅಂದರೆ ಕೆಡದಂತೆ ಒಣಗಿಸಿಟ್ಟ ಶವಕ್ಕೆ, 70 ದಿನ ಹಿಡಿಯುತ್ತಿತ್ತು. ಮಿದುಳನ್ನು ಮೂಗಿನೊಳಗಿಂದ ಕೊಕ್ಕೆ ಹಾಕಿ ತೆಗೆಯುತ್ತಿದ್ದರು. ಹೊಟ್ಟೆಯ ಎಡಭಾಗ ಸೀಳಿ ಶ್ವಾಸಕೋಶ, ಯಕೃತ್ತು, ಜಠರ, ಕರುಳುಗಳನ್ನು ಹೊರತೆಗೆದು ಬೇರೆಯಾಗಿ ಒಣಗಿಸಿ ಕಾಪಾಡುತ್ತಿದ್ದರು. ಹೃದಯವನ್ನು ಸಾಮಾನ್ಯವಾಗಿ ಒಳಗೇ ಬಿಡುತ್ತಿದ್ದರು. ಆಮೇಲೆ ದೇಹದ ಒಳಗೂ ಹೊರಗೂ ನೇಟ್ರಾನ್, ಅಂದರೆ ಸೋಡಾ ಮತ್ತು ಉಪ್ಪು ಬೆರೆತ ನೈಸರ್ಗಿಕ ಲವಣ, ತುಂಬಿ ಸುಮಾರು 40 ದಿನ ಬಿಡುತ್ತಿದ್ದರು. ಅದು ಒಣಪುಡಿಯಾಗಿಯೇ ಇರಬೇಕು, ತೇವ ಉಳಿದರೆ ಮಾಂಸ ಕೊಳೆಯುತ್ತದೆ. 1994ರಲ್ಲಿ ಅಮೆರಿಕದಲ್ಲಿ ಸಂಶೋಧಕರಾದ ಬಾಬ್ ಬ್ರಯರ್ ಮತ್ತು ರಾನ್ ವೇಡ್ ದಾನವಾಗಿ ಬಂದ ಶವವೊಂದನ್ನು 35 ದಿನ ಒಣ ನೇಟ್ರಾನಿನಲ್ಲಿಟ್ಟು ಈ ವಿಧಾನವನ್ನು ಪರೀಕ್ಷಿಸಿದರು. ದೇಹ ಕೆಡಲಿಲ್ಲ. ಕೊನೆಯಲ್ಲಿ ಸುರಿಯುವ ರಾಳ ಅತಿಯಾದರೆ ಇನ್ನೊಂದು ಕಷ್ಟ. ಈಜಿಪ್ಟಿನ ರಾಜ ಟುಟಂಖಾಮನ್‌ನ ದೇಹ ಪೆಟ್ಟಿಗೆಗೇ ಅಂಟಿಕೊಂಡು, 1925ರಲ್ಲಿ ದೇಹವನ್ನೇ ತುಂಡರಿಸಿ ಬಿಡಿಸಬೇಕಾಯಿತು.

ಇಷ್ಟೆಲ್ಲ ಯಾಕೆಂದರೆ ‘ಬಾ’ ಎಂಬ ಹಕ್ಕಿರೂಪದ ಚೇತನ ಮರಳಿ ಬಂದು ಸೇರಲು ದೇಹ ಇರಲೇಬೇಕು. ದೇಹ ಅಳಿದರೆ ಸತ್ತವನು ಎರಡನೇ ಸಲ ಸತ್ತಂತೆ.

ಕ್ರೈಸ್ತರು ಮಣ್ಣು ಹಾಕುವುದು ದೇಹ ಅಳಿಯುತ್ತದೆಂದು ಗೊತ್ತಿದ್ದೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲನು ಶವವನ್ನು ಬಿತ್ತಿದ ಕಾಳಿಗೆ ಹೋಲಿಸುತ್ತಾನೆ: ಕಾಳು ಸತ್ತು ಮೊಳೆಯುವಂತೆ ಸತ್ತವರೂ ಮತ್ತೆ ಏಳುತ್ತಾರೆ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು, ಇವರು ಮತ್ತೆ ಏಳಬಾರದೆಂದು ಶವಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಸುರಿದರು. ಅಲ್ಲಿನ ಕ್ರೈಸ್ತ ಸಭೆಯ ನಂಬಿಕೆ ಅದರಿಂದ ಅಲುಗಲಿಲ್ಲ. ಎಬ್ಬಿಸುವವನು ದೇವರು, ಅವನಿಗೆ ಒಣಗಿಸಿಟ್ಟ ದೇಹ ಬೇಕಿಲ್ಲ.

ಈಜಿಪ್ಟಿನ ಕ್ರೈಸ್ತರೂ ಹಳೆಯ ರೂಢಿಯನ್ನು ಒಮ್ಮೆಗೇ ಬಿಡಲಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಪುಣ್ಯಪುರುಷರ ಶವಗಳನ್ನು ಬಟ್ಟೆ ಸುತ್ತಿ ಮನೆಯಲ್ಲೇ ಮಂಚದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಸಂತ ಅಂತೋಣಿ ಇದನ್ನು ಕಟುವಾಗಿ ವಿರೋಧಿಸಿದರು. ಕ್ರಿ.ಶ. 356ರಲ್ಲಿ ತೀರಿಕೊಳ್ಳುವ ಮುನ್ನ, ತಮ್ಮನ್ನು ಮಣ್ಣಿನಲ್ಲಿ ಹೂಳಬೇಕು, ಜಾಗ ಯಾರಿಗೂ ತಿಳಿಯಬಾರದು ಎಂದು ಇಬ್ಬರು ಶಿಷ್ಯರಿಂದ ಮಾತು ತೆಗೆದುಕೊಂಡರು. ನೇಟ್ರಾನ್ ಸಿಗುತ್ತಿದ್ದ ವಾದಿ ನಟ್ರೂನ್ ಕಣಿವೆಯಲ್ಲೇ ಅದೇ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ನೆಲೆಸಿದರು. ಅಲ್ಲಿ ಈಗಲೂ ಮಠಗಳಿವೆ.

ನಿಜವಾದ ಹೋಲಿಕೆ ಬೇಕಿದ್ದರೆ ತೀರ್ಪಿನ ಬಗ್ಗೆ ಕೇಳಿ. ಎರಡು ಕಡೆಯೂ ಸತ್ತವನು ಲೆಕ್ಕ ಒಪ್ಪಿಸಲೇಬೇಕು. ಈಜಿಪ್ಟಿನಲ್ಲಿ ಹೃದಯವನ್ನು ಸತ್ಯ-ನ್ಯಾಯದ ದೇವತೆ ಮಾತ್‌ಳ ಗರಿಯೊಂದಿಗೆ ತೂಗುತ್ತಾರೆ. ಸತ್ತವನು 42 ದೇವತೆಗಳ ಮುಂದೆ ‘ಕದ್ದಿಲ್ಲ, ಕೊಂದಿಲ್ಲ’ ಎಂದು ಒಂದೊಂದೇ ಪಾಪವನ್ನು ಅಲ್ಲಗಳೆಯಬೇಕು. ಅವನ ಎದೆಯ ಮೇಲೆ ಜೀರುಂಡೆಯಾಕಾರದ ಕಲ್ಲೊಂದು ಇರುತ್ತದೆ. ‘ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ’ ಎಂಬ ಅರ್ಥದ ಮಂತ್ರವನ್ನು ಅದರ ಮೇಲೆ ಕೊರೆದಿರುತ್ತಾರೆ. ಹೃದಯಕ್ಕೆ ಎಲ್ಲ ಗೊತ್ತು ಎಂಬ ಆ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣಲಾರೆ.

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿ ಏನನ್ನೂ ಅಲ್ಲಗಳೆಯಲಿಲ್ಲ. ನಮಗಾದ ಶಿಕ್ಷೆ ನ್ಯಾಯವೇ ಎಂದು ಒಪ್ಪಿಕೊಂಡು, ನನ್ನನ್ನು ನೆನಪಿಸಿಕೋ ಎಂದಷ್ಟೇ ಬೇಡಿದ. ಅದೇ ದಿನ ನೀನು ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ನನ್ನೊಂದಿಗಿರುವೆ ಎಂದು ಯೇಸು ಅವನಿಗೆ ಮಾತು ಕೊಟ್ಟ.